ಬೋರ್ ಲಾರಿ ಕೆಟ್ಟರೆ ರಾತ್ರೋರಾತ್ರಿ ರಿಪೇರಿ, ಕೆರೆ ತೂಬು ಕೆಟ್ಟರೆ?

ಇದು ಈ ವಾರದ ಸಂಚಿಕೆಯ ಬರಹ ರೂಪ. ಕೇಳೋಕೆ ಆಗದವರು ಓದಿಕೊಳ್ಳಬಹುದು, ಕೇಳಿದವರು ಲೆಕ್ಕಗಳನ್ನ ಇನ್ನೊಂದು ಸಲ ನೋಡಿಕೊಳ್ಳಬಹುದು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಕಡೆ ಬೆಳೆದವರಿಗೆ ಒಂದು ಶಬ್ದ ಚೆನ್ನಾಗಿ ಗೊತ್ತು. ಫೆಬ್ರವರಿ, ಮಾರ್ಚ್ ಬಂತು ಅಂದ್ರೆ ರಾತ್ರಿ ಹೊತ್ತು ದೂರದ ಯಾವುದೋ ತೋಟದಿಂದ ಕಂಪ್ರೆಸರ್ ಕೂಗು, ಅದರ ಹಿಂದೆ ಬಂಡೆ ಕುಟ್ಟುವ ಟಕಟಕ ಸದ್ದು. ಮನೆಯಲ್ಲಿ ದೊಡ್ಡವರು ಮಲಗಿದ್ದ ಜಾಗದಿಂದಲೇ ಕೇಳ್ತಾರೆ: "ಯಾರ ತೋಟದಲ್ಲಿ? ಎಷ್ಟು ಅಡಿ ಹೋಯ್ತಂತೆ?" ಬೆಳಗ್ಗೆ ಹೋಗಿ ನೋಡಿದ್ರೆ ಗಿಡಗಳ ಮೇಲೆಲ್ಲ ಬಿಳಿ ಪುಡಿ, ಪಕ್ಕದಲ್ಲಿ ಎರಡು ಲಾರಿ. ಒಂದರ ಮೇಲೆ ಎತ್ತರದ ಕಬ್ಬಿಣದ ಕಂಬ, ಇನ್ನೊಂದರ ಮೇಲೆ ರಾಡು, ಕೇಸಿಂಗ್ ಪೈಪು.

ಆ ಲಾರಿಯ ಬಗ್ಗೆ ಇವತ್ತಿನ ಮಾತು. ಅದರಲ್ಲೂ ಹಳೇ ಲಾರಿ. ಅದನ್ನ ಯಾರು ಹೇಗೆ ರಿಪೇರಿ ಮಾಡ್ತಾರೆ, ಏನೇನು ಕೆಡುತ್ತೆ, ಯಾಕೆ ಕೆಡುತ್ತೆ ಅನ್ನೋದು. ನೀರಿನ ಚರಿತ್ರೆ ಹೇಳ್ತೀನಿ ಅಂತ ಕೂತು ಗ್ರೀಸು, ಎಣ್ಣೆ, ಸೀಲು ಅಂತಾನಲ್ಲ ಇವನು ಅನ್ನಬೇಡಿ. ಈ ನಾಲ್ಕು ತಾಲ್ಲೂಕಿನ ಜನ ಒಂದೊಂದು ಕಾಲದಲ್ಲಿ ಏನನ್ನ ರಿಪೇರಿ ಮಾಡ್ತಾ ಬಂದರು ಅನ್ನೋದನ್ನ ನೋಡಿದ್ರೆ, ನೀರು ಎಲ್ಲಿಂದ ಎಲ್ಲಿಗೆ ಹೋಯ್ತು ಅನ್ನೋದು ತಾನಾಗೇ ಗೊತ್ತಾಗುತ್ತೆ.

ಲಾರಿ ಮೇಲೆ ಏನಿದೆ?

ಬೋರ್ ಲಾರಿಯಲ್ಲಿ ಎರಡು ಬೇರೆ ಬೇರೆ ಶಕ್ತಿ ಕೆಲಸ ಮಾಡುತ್ತೆ. ಒಂದು ಗಾಳಿ, ಇನ್ನೊಂದು ಎಣ್ಣೆ.

ಗಾಳಿ ಅಂದ್ರೆ ಕಂಪ್ರೆಸರ್. ಅದು ಒತ್ತಿದ ಗಾಳಿ ರಾಡಿನ ಒಳಗಿಂದ ಹೋಗಿ, ಗುಂಡಿಯ ತಳದಲ್ಲಿರುವ ಹ್ಯಾಮರ್ ಒಳಗಿನ ಪಿಸ್ಟನ್‌ನ ಕುಣಿಸುತ್ತೆ. ಆ ಪಿಸ್ಟನ್ ಬಿಟ್ ಮೇಲೆ ಬಡಿಯುತ್ತೆ, ಬಿಟ್ಟಿನ ಗಟ್ಟಿ ಗುಂಡಿಗಳು ಬಂಡೆ ಪುಡಿ ಮಾಡ್ತವೆ. ಹೊರಬಂದ ಅದೇ ಗಾಳಿ ಪುಡಿಯನ್ನೂ ನೀರನ್ನೂ ಮೇಲಕ್ಕೆ ತಳ್ಳುತ್ತೆ. ಸುತ್ತಿಗೆ ಮೇಲಿಲ್ಲ, ಗುಂಡಿಯ ತಳದಲ್ಲಿದೆ ಅನ್ನೋದೇ ಇದರ ವಿಶೇಷ. ಅದಕ್ಕೇ ನೂರು ಅಡಿಯಲ್ಲಿದ್ದರೂ ಸಾವಿರ ಅಡಿಯಲ್ಲಿದ್ದರೂ ಪೆಟ್ಟು ನೇರವಾಗಿ ಬಂಡೆಗೇ ಬೀಳುತ್ತೆ.

ಎಣ್ಣೆ ಅಂದ್ರೆ ಹೈಡ್ರಾಲಿಕ್ಸ್. ಮಲಗಿದ್ದ ಕಂಬವನ್ನ ಎತ್ತಿ ನಿಲ್ಲಿಸೋದು, ಲಾರಿಯನ್ನ ನೆಲದಿಂದ ಎತ್ತಿ ಸಮ ಮಾಡುವ ಜಾಕುಗಳು, ರಾಡನ್ನ ತಿರುಗಿಸುವ ಮೋಟರು, ಕೆಳಗೆ ಇಳಿಸಿ ಮೇಲೆ ಎಳೆಯುವ ಫೀಡ್, ಎಲ್ಲಾ ಎಣ್ಣೆಯ ಒತ್ತಡದ ಕೆಲಸ. ಒಂದು ಸಣ್ಣ ಲೆಕ್ಕ ನೋಡಿ. ಸಿಲಿಂಡರಿನ ಒಳವ್ಯಾಸ 4 ಇಂಚು, ಎಣ್ಣೆಯ ಒತ್ತಡ ಚದರ ಇಂಚಿಗೆ 2000 ಪೌಂಡು, ಅಂದ್ರೆ 2000 ಪಿಎಸ್ಐ ಅಂತ ಇಟ್ಟುಕೊಳ್ಳಿ. 4 ಇಂಚಿನ ವೃತ್ತದ ವಿಸ್ತೀರ್ಣ ಹನ್ನೆರಡೂವರೆ ಚದರ ಇಂಚು. ಗುಣಿಸಿದ್ರೆ ಸುಮಾರು 25,000 ಪೌಂಡು, 11 ಟನ್‌ಗಿಂತ ಜಾಸ್ತಿ. ಆಪರೇಟರ್ ಒಂದು ಲಿವರನ್ನ ಎರಡು ಬೆರಳಲ್ಲಿ ಎಳೀತಾನೆ, ಅಷ್ಟು ತೂಕ ಮೇಲೇಳುತ್ತೆ.

ಆ ಹನ್ನೊಂದು ಟನ್ನನ್ನ ಹಿಡಿದಿಟ್ಟುಕೊಂಡಿರೋದು ಬಳೆ ಥರದ ಒಂದು ರಬ್ಬರ್ ಸೀಲು. ಅದು ಸವೆದ್ರೆ ಇಡೀ ಲಾರಿ ಗುಜರಿ ಇದ್ದ ಹಾಗೆ.

ಈ ಸೀಲಿಗೂ ಒಂದು ಚರಿತ್ರೆ ಇದೆ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಹೈಡ್ರಾಲಿಕ್ ಪ್ರೆಸ್‌ಗೆ ಪೇಟೆಂಟ್ ಪಡೆದ. ಕಾಗದದ ಮೇಲೆ ಎಲ್ಲಾ ಸರಿ ಇತ್ತು, ಆದರೆ ಒತ್ತಡ ಏರಿದ್ರೆ ಪಿಸ್ಟನ್ ಸಂದಿಯಿಂದ ನೀರು ಚಿಮ್ಮುತ್ತಿತ್ತು. ಅವನ ಕಾರ್ಖಾನೆಯಲ್ಲಿದ್ದ ಹೆನ್ರಿ ಮಾಡ್ಸ್ಲಿ ಅನ್ನೋ ಕುಶಲಕರ್ಮಿ ಬಟ್ಟಲಿನ ಆಕಾರದ ಒಂದು ಚರ್ಮದ ಪಟ್ಟಿ ಹಾಕಿ ಅದನ್ನ ಸರಿಮಾಡಿದ ಅಂತ ಹೇಳ್ತಾರೆ. ಒತ್ತಡ ಹೆಚ್ಚಿದಷ್ಟೂ ಚರ್ಮ ಅಗಲವಾಗಿ ಗೋಡೆಗೆ ಅಂಟಿಕೊಳ್ಳುತ್ತೆ. ಇವತ್ತಿನ ರಬ್ಬರ್ ಸೀಲೂ ಇದೇ ಉಪಾಯದ ಮೇಲೆ ನಿಂತಿದೆ.

ಚರ್ಮ ಅನ್ನೋ ಮಾತು ನೆನಪಿಟ್ಟುಕೊಳ್ಳಿ. ನಮ್ಮ ಕಡೆ ನೀರಿನ ಕಥೆ ಶುರುವಾಗೋದೂ ಚರ್ಮದಿಂದಲೇ.

ಕಪಿಲೆ ಬಾವಿ, ನೀರುಗಂಟಿ

ನಂದಿ ಬೆಟ್ಟದ ಸುತ್ತಮುತ್ತ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಅರ್ಕಾವತಿ ಹುಟ್ಟುತ್ತವೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ವಿ ಅಲ್ವಾ? ಆದ್ರೆ ವರ್ಷಪೂರ್ತಿ ಹರಿಯೋದು ಒಂದೂ ಇಲ್ಲ. ಮಳೆ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು. ಹಾಗಾಗಿ ನಮ್ಮ ಹಿಂದಿನವರು ಬಿದ್ದ ಮಳೆಯನ್ನ ಹಿಡಿದಿಟ್ಟರು. ಕೆರೆ, ಕುಂಟೆ, ಕಲ್ಯಾಣಿ. ಒಂದು ಕೆರೆ ತುಂಬಿ ಕೋಡಿ ಹರಿದ್ರೆ ಕೆಳಗಿನ ಕೆರೆಗೆ ನೀರು. ಸರಪಳಿ ಹಾಗೆ.

ಆ ವ್ಯವಸ್ಥೆಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಅವನ ಹೆಸರು ನೀರುಗಂಟಿ. ತೂಬು ಎತ್ತೋದು, ಇಳಿಸೋದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚೋದು, ಏರಿಯಲ್ಲಿ ಬಿರುಕು ಬಿಟ್ಟಿದ್ರೆ, ಇಲಿ ಬಿಲ ತೋಡಿದ್ರೆ ಊರಿಗೆ ಹೇಳೋದು ಅವನ ಕೆಲಸ. ಕೂಲಿ ಅಂತ ಸುಗ್ಗಿಯಲ್ಲಿ ಧಾನ್ಯ ಕೊಡ್ತಿದ್ರು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಹೂಳು ತೆಗೆದು ಗಾಡಿಯಲ್ಲಿ ಹೊಲಕ್ಕೆ ಹೊಡೀತಿದ್ರು. ಕೆರೆಗೂ ರಿಪೇರಿ, ಹೊಲಕ್ಕೂ ಗೊಬ್ಬರ. ಇದೆಲ್ಲ ಸ್ವರ್ಗವಾಗಿತ್ತು ಅಂತ ನಾನು ಹೇಳ್ತಿಲ್ಲ. ಬಹಳ ಊರುಗಳಲ್ಲಿ ನೀರುಗಂಟಿ ಕೆಲಸ ದಲಿತ ಮನೆತನಗಳ ಹೆಗಲಿಗೆ ಬಿದ್ದ ವಂಶಪಾರಂಪರ್ಯದ ದುಡಿಮೆ. ನೀರು ಹಂಚುವವನಿಗೇ ಅಚ್ಚುಕಟ್ಟಿನಲ್ಲಿ ಸ್ವಂತದ್ದು ಅನ್ನೋ ಜಮೀನು ಅಷ್ಟಕ್ಕಷ್ಟೆ. ಆದ್ರೆ ರಿಪೇರಿ ಯಾರ ಜವಾಬ್ದಾರಿ ಅನ್ನೋದರಲ್ಲಿ ಗೊಂದಲ ಇರಲಿಲ್ಲ.

ಕೆರೆ ಕೆಳಗಿನ ಬಾವಿಗಳಲ್ಲಿ ಏತ, ಕಪಿಲೆ. ಕಪಿಲೆ ಅಂದ್ರೆ ಎತ್ತುಗಳು ಇಳಿಜಾರಲ್ಲಿ ನಡೆದು ದೊಡ್ಡ ಚರ್ಮದ ಚೀಲದಲ್ಲಿ ನೀರು ಎಳೆಯೋದು. ಚರ್ಮ ಒಣಗಿ ಬಿರಿಯಬಾರದು, ಎಣ್ಣೆ ಹಚ್ಚಬೇಕು, ಹರಿದ್ರೆ ಹೊಲಿಯಬೇಕು. ಹೊಲಿಯೋನು ಅದೇ ಊರಲ್ಲಿದ್ದ. ನಮ್ಮ ಕಡೆ ನೆಲದ ಮೇಲ್ಪದರ ಕೊಳೆತ ಕಲ್ಲು, ಅದರ ಕೆಳಗೆ ಗಟ್ಟಿ ಗ್ರಾನೈಟ್, ನೈಸ್ ಬಂಡೆ. ತೆರೆದ ಬಾವಿ ಆ ಮೇಲ್ಪದರದ ನೀರನ್ನ ಮಾತ್ರ ಮುಟ್ಟುತ್ತಿತ್ತು. ಆ ಪದರ ಒಂದು ಸ್ಪಂಜ್ ಇದ್ದ ಹಾಗೆ, ಕೆರೆ ತುಂಬಿದ್ರೆ ಅದೂ ತುಂಬುತ್ತೆ. ಎತ್ತು ಎಷ್ಟು ಎಳೆಯಬಲ್ಲದೋ ಅಷ್ಟೇ ನೀರು ಹೊರಗೆ ಬರ್ತಿತ್ತು. ಆಮೇಲೆ ಡೀಸೆಲ್ ಎಂಜಿನ್ನು, ಕರೆಂಟ್ ಪಂಪ್‌ಸೆಟ್ಟು ಬಂದವು. ಎತ್ತಿಗೆ ಸುಸ್ತಾಗುತ್ತೆ, ಮೋಟರ್‌ಗೆ ಆಗಲ್ಲ. ಬಾವಿ ತಳ ಕಾಣೋಕೆ ಶುರುವಾಯ್ತು.

ಬಂಡೆ ಕೊರೆದ ಬರಗಾಲ

ಗಟ್ಟಿ ಬಂಡೆಯಲ್ಲಿ ಬೋರ್ ಹಾಕೋದು ಹಿಂದೆ ಬಹಳ ನಿಧಾನದ ಕೆಲಸ. ತಂತಿಗೆ ಭಾರದ ಉಳಿ ಕಟ್ಟಿ ಎತ್ತಿ ಕುಕ್ಕುವ ಯಂತ್ರಕ್ಕೆ ಒಂದು ಬೋರ್ ಮುಗಿಸೋಕೆ ವಾರಗಟ್ಟಲೆ ಬೇಕಿತ್ತು. ತಳದಲ್ಲೇ ಬಡಿಯುವ ಹ್ಯಾಮರ್ ಯುರೋಪಿನ ಕಲ್ಲುಕ್ವಾರಿಗಳಲ್ಲಿ 1950ರ ದಶಕದಲ್ಲಿ ಬಳಕೆಗೆ ಬಂತು. ಅದು ಭಾರತದಲ್ಲಿ ದೊಡ್ಡ ಮಟ್ಟದಲ್ಲಿ ಕುಡಿಯುವ ನೀರಿನ ಕೆಲಸಕ್ಕೆ ಬಂದಿದ್ದು 1966–67ರ ಬಿಹಾರ ಬರಗಾಲದ ಹೊತ್ತಿಗೆ. ಯುನಿಸೆಫ್ ಇಂಗ್ಲೆಂಡಿನಿಂದ ಹಾಲ್ಕೊ ಕಂಪನಿಯ ರಿಗ್ಗುಗಳನ್ನ ತರಿಸಿತು. ವಾರಗಳ ಕೆಲಸ ಒಂದೆರಡು ದಿನಕ್ಕೆ ಇಳೀತು. ಮೊದಲು ಕುಡಿಯೋ ನೀರಿಗೆ, ಬರ ಪರಿಹಾರಕ್ಕೆ ಅಂತ ಬಂದ ಯಂತ್ರ ಇದು. ತೋಟಕ್ಕಲ್ಲ.

ಬೋರ್ ಕೊರೆದ ಮೇಲೆ ಕೈಪಂಪು ಬೇಕು. ಮೊದಲು ಹಾಕಿದ ಪಂಪುಗಳು ಸಾಲುಸಾಲಾಗಿ ಕೆಟ್ಟುನಿಂತವು. ಒಂದು ಮನೆಯ ಬಳಕೆಗೆ ಅಂತ ಮಾಡಿದ ಪಂಪನ್ನ ಇಡೀ ಊರು ಹೊಡೆದ್ರೆ ಎಷ್ಟು ದಿನ ತಾಳುತ್ತೆ? ಅದಕ್ಕೆ ಉತ್ತರವಾಗಿ 1970ರ ದಶಕದಲ್ಲಿ ಇಂಡಿಯಾ ಮಾರ್ಕ್–2 ಕೈಪಂಪು ಬಂತು. ಅದರ ಒಳಗಿದ್ದಿದ್ದೂ ಚರ್ಮದ ಬಟ್ಟಲು ವಾಷರೇ, ಮುಂದೆ ಅದು ನೈಟ್ರೈಲ್ ರಬ್ಬರ್ ಆಯ್ತು. ಪಂಪಿನ ಜೊತೆಗೆ ಒಂದು ರಿಪೇರಿ ವ್ಯವಸ್ಥೆಯನ್ನೂ ರೂಪಿಸಿದ್ರು. ಊರಲ್ಲಿ ಪಂಪು ನೋಡಿಕೊಳ್ಳೋ ಒಬ್ಬರು, ತಾಲ್ಲೂಕು ಮಟ್ಟದಲ್ಲಿ ಒಬ್ಬ ಮೆಕ್ಯಾನಿಕ್, ಜಿಲ್ಲೆಗೆ ಸಲಕರಣೆ ತುಂಬಿದ ಗಾಡಿಯ ಸಮೇತ ಒಂದು ತಂಡ. ಮೂರು ಹಂತ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಒಂದು ಮುಖ ಇದೆ. 1983ರಲ್ಲಿ ಬಂದ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್. ಹಳ್ಳಿ ಹಳ್ಳಿಗೆ ಬೋರ್‌ವೆಲ್, ಕೈಪಂಪು ಹಾಕಿಸಿದ್ದಕ್ಕೆ ಜನ ಅವರನ್ನ ನೀರ್ ಸಾಬ್ ಅಂತ ಕರೆದ್ರು. 1987ರಲ್ಲಿ ಜಿಲ್ಲಾ ಪರಿಷತ್ತುಗಳು ಕೆಲಸ ಶುರುಮಾಡಿದ್ದರ ಹಿಂದೆಯೂ ಅವರೇ. 1988ರಲ್ಲಿ ತೀರಿಕೊಂಡರು. ದೂರದ ಬಾವಿಯಿಂದ ಕೊಡ ಹೊತ್ತು ತರ್ತಿದ್ದ ಹೆಣ್ಣುಮಕ್ಕಳಿಗೆ ಆ ಪಂಪು ಏನು ಅಂತ ನಿಮ್ಮ ಅಜ್ಜಿಯನ್ನ ಕೇಳಿ. ಆದ್ದರಿಂದ ಬೋರ್ ಲಾರಿಯನ್ನ ಖಳನಾಯಕ ಮಾಡೋಕೆ ನನಗೆ ಮನಸ್ಸಿಲ್ಲ. ಅದು ಊರಿಗೆ ಬಂದಾಗ ಪೂಜೆ ಮಾಡಿ, ತೆಂಗಿನಕಾಯಿ ಒಡೆದು ಬರಮಾಡಿಕೊಂಡಿದ್ದಕ್ಕೆ ಕಾರಣ ಇತ್ತು.

ನೀರು ಇಳಿದ ಹಾಗೆ ಲಾರಿ ಬದಲಾಯ್ತು

ಕುಡಿಯೋ ನೀರಿನ ಬೆನ್ನಿಗೇ ತೋಟದ ಬೋರ್ ಬಂತು. ಶಿಡ್ಲಘಟ್ಟದಲ್ಲಿ ಹಿಪ್ಪುನೇರಳೆ, ಚಿಕ್ಕಬಳ್ಳಾಪುರದಲ್ಲಿ ದ್ರಾಕ್ಷಿ, ಹೂವು, ಚಿಂತಾಮಣಿಯಲ್ಲಿ ಟೊಮೇಟೊ, ಗೌರಿಬಿದನೂರು ಕಡೆ ಜೋಳದ ಜೊತೆ ತರಕಾರಿ. ಮಳೆ ನಂಬಿ ರೇಷ್ಮೆಹುಳ ಸಾಕೋಕಾಗಲ್ಲ. ಸೊಪ್ಪು ದಿನಾ ಬೇಕು. ಬೋರ್ ಇದ್ರೆ ದುಡಿಮೆ, ಇಲ್ಲದಿದ್ರೆ ಬೆಂಗಳೂರು ಬಸ್ಸು.

ಲಾರಿಗಳು ಬಹುಪಾಲು ಬಂದಿದ್ದು ತಮಿಳುನಾಡಿನ ತಿರುಚೆಂಗೋಡಿನಿಂದ. ನಾಮಕ್ಕಲ್ ಜಿಲ್ಲೆಯ ಆ ಊರಿನ ರಿಗ್ಗುಗಳು ದೇಶದ ಮೂಲೆ ಮೂಲೆಗೂ ಹೋಗ್ತವೆ. ಲಾರಿ ಕೊಂಡು, ಅದರ ಬೆನ್ನಿನ ಮೇಲೆ ಕಂಬ, ಹೈಡ್ರಾಲಿಕ್ಸ್, ಕಂಪ್ರೆಸರ್ ಕೂರಿಸಿ, ಮುಂದೆ ಅದನ್ನ ಬಿಚ್ಚಿ ಮತ್ತೆ ಕಟ್ಟುವ ಕಸುಬು ಅಲ್ಲಿ ಬೆಳೀತು. ಮಾಲೀಕ ಕೊಂಗುನಾಡಿನವನು, ಸಹಾಯಕರು ಛತ್ತೀಸ್‌ಗಢ, ಬಿಹಾರ, ಜಾರ್ಖಂಡ್ ಹುಡುಗರು, ಏಜೆಂಟ್ ನಮ್ಮೂರವನು. ನಮ್ಮ ತೋಟದಲ್ಲಿ ಕನ್ನಡ, ತೆಲುಗು, ತಮಿಳು, ಹಿಂದಿ ನಾಲ್ಕೂ ಒಂದೇ ರಾತ್ರಿ ಕೇಳಬೇಕಾದ್ರೆ ಬೋರ್ ಹಾಕಿಸಬೇಕು.

ಈಗ ಲೆಕ್ಕಕ್ಕೆ ಬನ್ನಿ. ಗಾಳಿ ಬರೀ ಬಂಡೆ ಕುಟ್ಟಿದ್ರೆ ಸಾಲದು, ಗುಂಡಿಯಲ್ಲಿ ನಿಂತ ನೀರನ್ನೂ ಎತ್ತಿ ಹೊರಗೆ ಎಸೆಯಬೇಕು. ಒಂದು ಪಿಎಸ್ಐ ಒತ್ತಡ ತಾಳಬಲ್ಲದ್ದು ಸುಮಾರು 2.3 ಅಡಿ ಎತ್ತರದ ನೀರಿನ ಕಂಬವನ್ನ. ಅಂದ್ರೆ 150 ಪಿಎಸ್ಐ ಕಂಪ್ರೆಸರ್‌ಗೆ 345 ಅಡಿ ನೀರು ಎದುರಾದ್ರೆ ಅಲ್ಲಿಗೆ ಉಸಿರು ನಿಂತುಹೋಗುತ್ತೆ. ಹ್ಯಾಮರ್ ಹೊಡೆಯೋಕೆ ಉಳಿಯೋದು ಏನೂ ಇಲ್ಲ. 350 ಪಿಎಸ್ಐ ಆದ್ರೆ 800 ಅಡಿ ನೀರನ್ನ ತಡೆದುಕೊಳ್ಳುತ್ತೆ. ಬೋರ್ 200, 300 ಅಡಿಗೆ ನಿಲ್ಲುತ್ತಿದ್ದ ಕಾಲಕ್ಕೆ ಕಟ್ಟಿದ ಲಾರಿಗೆ ಸಣ್ಣ ಕಂಪ್ರೆಸರ್ ಸಾಕಾಗಿತ್ತು. ನೀರು 600ಕ್ಕೆ, 1000ಕ್ಕೆ, 1500ಕ್ಕೆ ಇಳಿದ ಹಾಗೆ ಕಂಪ್ರೆಸರ್ ದೊಡ್ಡದಾಯ್ತು, ಅದಕ್ಕೆ ಎಂಜಿನ್ ದೊಡ್ಡದಾಯ್ತು, ಡೀಸೆಲ್ ಜಾಸ್ತಿಯಾಯ್ತು, ಅಡಿ ಲೆಕ್ಕದ ದರ ಏರಿತು.

ಹೈಡ್ರಾಲಿಕ್ಸ್‌ಗೂ ಅದೇ ಗತಿ. ಇದು ನನಗೆ ಬಹಳ ಕುತೂಹಲ ಅನ್ನಿಸಿದ ವಿಷಯ. ಮೊದಲ ಕೆಲವು ಅಡಿ ಕೊರೆಯುವಾಗ ಫೀಡ್ ರಾಡನ್ನ ಕೆಳಕ್ಕೆ ಒತ್ತಬೇಕು. ಒಂದು ರಾಡು 20 ಅಡಿ ಅಂತ ಇಟ್ಟುಕೊಂಡ್ರೆ 1000 ಅಡಿಗೆ 50 ರಾಡು. ಎಲ್ಲಾ ಸೇರಿ ಹಲವು ಟನ್ ಉಕ್ಕು ನೇತಾಡ್ತಿರುತ್ತೆ. ಆಗ ಒತ್ತೋದಿರಲಿ, ಎಲ್ಲಾ ಭಾರ ಬಿಟ್ಟಿನ ಮೇಲೆ ಬೀಳದ ಹಾಗೆ ಮೇಲಕ್ಕೆ ಎಳೆದು ಹಿಡಿದಿಟ್ಟುಕೊಳ್ಳಬೇಕು. ಒತ್ತೋಕೆ ಅಂತ ಮಾಡಿದ ಹಳೇ ಲಾರಿ, ಈಗ ಹಗಲೂ ರಾತ್ರಿ ಎತ್ತಿ ಹಿಡಿಯುವ ಕೆಲಸ ಮಾಡ್ತಿದೆ. ಮುದಿ ಎತ್ತಿಗೆ ಎರಡರಷ್ಟು ಭಾರ ಹೇರಿದ ಹಾಗೆ. ಸೀಲು, ಸರಪಳಿ, ಹೋಸ್, ವಾಲ್ವ್ ಕೆಡೋದು ಬರೀ ವಯಸ್ಸಿನಿಂದ ಅಲ್ಲ, ಆಳದಿಂದ.

ಗ್ಯಾರೇಜಿನ ಪಾಠ

ಈ ಸಂಚಿಕೆಗಾಗಿ ನಾನು ಹೈಡ್ರಾಲಿಕ್ ಕೆಲಸ ಮಾಡುವವರ ಹತ್ರ ಕೂತು ಕೇಳಿದ್ದರಲ್ಲಿ ಮುಖ್ಯವಾದದ್ದು ಹೇಳ್ತೀನಿ. ಜೆಸಿಬಿ, ಟಿಪ್ಪರ್, ಮೋಟರ್ ಎತ್ತುವ ಕ್ರೇನ್ ಗಾಡಿ ಇಟ್ಟುಕೊಂಡವರಿಗೂ ಇದು ಉಪಯೋಗಕ್ಕೆ ಬರುತ್ತೆ.

ಮೊದಲನೇದು ಎಣ್ಣೆ. "ಎಣ್ಣೆ ನೋಡಿದ್ರೆ ಗಾಡಿ ಜಾತಕ ಹೇಳ್ಬೋದು ಸಾರ್" ಅಂದ್ರು ಒಬ್ಬ ಮೇಸ್ತ್ರಿ. ಹಾಲಿನ ಥರ ಬೆಳ್ಳಗಾಗಿದ್ರೆ ನೀರು ಸೇರಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದ್ರೆ ವಿಪರೀತ ಬಿಸಿಯಾಗಿದೆ. ಹೊಳೆಯುವ ಕಣ ಕಂಡ್ರೆ ಪಂಪು ಒಳಗೇ ಸವೀತಿದೆ. ಪಂಪಿನಿಂದ ಜಲ್ಲಿಕಲ್ಲು ಅಲ್ಲಾಡಿಸಿದ ಹಾಗೆ ಸದ್ದು ಬಂದ್ರೆ ಅದಕ್ಕೆ ಸಾಕಷ್ಟು ಎಣ್ಣೆ ಸಿಗ್ತಿಲ್ಲ. ಟ್ಯಾಂಕಿನ ಜಾಲರಿ ಕಟ್ಟಿರಬಹುದು, ಹೀರುವ ಪೈಪು ಗಾಳಿ ಎಳೀತಿರಬಹುದು. ಹಾಗೇ ಓಡಿಸಿದ್ರೆ ಪಂಪು ಹೋಯ್ತು ಅಂತಲೇ ಲೆಕ್ಕ.

ಎರಡನೇದು ಧೂಳು. ನಮ್ಮ ಗ್ರಾನೈಟ್ ಪುಡಿ ಉಪ್ಪುಕಾಗದ ಇದ್ದ ಹಾಗೆ. ಸಿಲಿಂಡರಿನ ಹೊಳೆಯುವ ರಾಡಿನ ಮೇಲೆ ಕೂತ ಪುಡಿಯನ್ನ ಒರೆಸಿ ಒಳಗೆ ಬಿಡದ ಹಾಗೆ ತಡೆಯೋದು ಹೊರಗಿನ ವೈಪರ್ ಸೀಲು. ಅದು ಹರಿದ್ರೆ ಪುಡಿ ಒಳಗೆ ಹೋಗಿ ಒಳ ಸೀಲನ್ನ ಕೊಯ್ಯುತ್ತೆ, ರಾಡಿನ ಕ್ರೋಮ್ ಮೇಲೆ ಗೀರು ಬೀಳುತ್ತೆ. ಗೀರು ಬಿದ್ದ ರಾಡಿಗೆ ಎಷ್ಟು ಸಲ ಹೊಸ ಸೀಲ್ ಕಿಟ್ ಹಾಕಿದ್ರೂ ವಾರದಲ್ಲಿ ಮತ್ತೆ ಸೋರುತ್ತೆ. ರಾಡನ್ನ ಬೆಂಗಳೂರಿಗೆ, ಪೀಣ್ಯ ಕಡೆಯ ವರ್ಕ್‌ಶಾಪಿಗೆ ಕಳಿಸಿ ಮತ್ತೆ ಕ್ರೋಮ್ ಹಾಕಿಸಲೇಬೇಕು. ಕಡಿಮೆ ಖರ್ಚು ಅಂತ ಸೀಲ್ ಮಾತ್ರ ಬದಲಾಯಿಸ್ತಾ ಹೋಗೋರೇ ಕೊನೆಗೆ ಜಾಸ್ತಿ ಕೊಡೋದು.

ಮೂರನೇದು ಪತ್ತೇದಾರಿಕೆ. ಎತ್ತಿದ ಜಾಕು ನಿಧಾನಕ್ಕೆ ಇಳೀತಿದೆ ಅಂತಿಟ್ಟುಕೊಳ್ಳಿ. ಹೊರಗೆ ಎಲ್ಲೂ ಸೋರಿಕೆ ಇಲ್ಲ. ತಪ್ಪು ಸಿಲಿಂಡರ್ ಒಳಗಿನ ಸೀಲಿನದಾ, ವಾಲ್ವಿನದಾ? ಗಾಡಿಯನ್ನ ಮರದ ದಿಮ್ಮಿ ಕೊಟ್ಟು ನಿಲ್ಲಿಸಿ, ಒತ್ತಡ ಪೂರ್ತಿ ಇಳಿಸಿ, ಸಿಲಿಂಡರಿನ ಭಾರ ಹೊರುವ ಕಡೆಯ ಬಾಯಿಗೆ ಗಟ್ಟಿ ಮುಚ್ಚಳ ಹಾಕಿ, ಇನ್ನೊಂದು ಬಾಯಿ ತೆರೆದಿಟ್ಟು ಭಾರ ಕೊಟ್ಟು ನೋಡ್ತಾರೆ. ಆಗಲೂ ಇಳಿದ್ರೆ ಸಿಲಿಂಡರ್, ಇಳಿಯದಿದ್ರೆ ವಾಲ್ವ್. ಇಷ್ಟು ಮಾಡದೆ ಸೀದಾ ಪಂಪನ್ನೇ ಬದಲಾಯಿಸಿ ದುಡ್ಡು ಕಳ್ಕೊಂಡವರು ಬಹಳ ಜನ.

ಇನ್ನೊಂದು ಅಭ್ಯಾಸದ ಬಗ್ಗೆ ಎಚ್ಚರಿಸ್ತಾರೆ. ಶಕ್ತಿ ಕಡಿಮೆಯಾಯ್ತು ಅಂತ ರಿಲೀಫ್ ವಾಲ್ವ್ ಬೋಲ್ಟನ್ನ ಬಿಗಿ ಮಾಡಿ ಒತ್ತಡ ಏರಿಸೋದು. ಮನೆ ಕುಕ್ಕರಿನ ಸೇಫ್ಟಿ ವಾಲ್ವನ್ನ ಒತ್ತಿ ಹಿಡಿದ ಹಾಗೆ ಅದು. ಆ ರಾತ್ರಿಗೆ ಕೆಲಸ ಆಗಬಹುದು. ಮುಂದಿನ ರಾತ್ರಿ ಹೋಸ್ ಸಿಡಿಯುತ್ತೆ.

ಮತ್ತೆ ಜೀವದ ವಿಷಯ. ಹೋಸಿನಲ್ಲಿ ಸೂಜಿಮೊನೆಯಷ್ಟು ತೂತಿದ್ರೆ ಎಣ್ಣೆ ಕಣ್ಣಿಗೆ ಕಾಣದ ಎಳೆಯಾಗಿ ಚಿಮ್ಮುತ್ತೆ, ಚರ್ಮ ತೂರಿ ಒಳಗೆ ಹೋಗುತ್ತೆ. ಹೊರಗೆ ಸಣ್ಣ ಚುಕ್ಕೆ ಕಾಣುತ್ತೆ ಅಷ್ಟೆ, ತಡ ಮಾಡಿದ್ರೆ ಬೆರಳು, ಕೈಯೇ ತೆಗೆಯಬೇಕಾಗಬಹುದು. ಸೋರಿಕೆಯನ್ನ ಕೈಯಾಡಿಸಿ ಹುಡುಕಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಚುಚ್ಚಿದ್ರೆ ನೋವಿಲ್ಲ ಅಂತ ಸುಮ್ಮನಿರದೆ ತಕ್ಷಣ ಆಸ್ಪತ್ರೆಗೆ ಹೋಗಿ, ಎಣ್ಣೆ ಒಳಗೆ ಹೋಗಿದೆ ಅಂತಲೇ ಹೇಳಿ. ಎತ್ತಿದ ಕಂಬದ ಕೆಳಗೆ, ಜಾಕಿನ ಕೆಳಗೆ ಬರೀ ಎಣ್ಣೆ ನಂಬಿ ಯಾರೂ ತೂರಬಾರದು.

ಇಷ್ಟೆಲ್ಲ ಅವಸರದಲ್ಲಿ, ಟಾರ್ಚ್ ಬೆಳಕಲ್ಲಿ ಯಾಕೆ ಮಾಡ್ತಾರೆ ಗೊತ್ತಾ? 900 ಅಡಿಯಲ್ಲಿ ರಾಡು ಇರುವಾಗ ಗಾಳಿ ನಿಂತ್ರೆ, ಮೇಲೆ ಬರಬೇಕಿದ್ದ ಕಲ್ಲುಪುಡಿ ವಾಪಸ್ ಇಳಿದು ಹ್ಯಾಮರ್ ಸುತ್ತ ಕೂರುತ್ತೆ. ಹ್ಯಾಮರ್ ಸಿಕ್ಕಿಕೊಂಡ್ರೆ ಅದೂ ಹೋಯ್ತು, ರಾಡೂ ಹೋಯ್ತು, ರೈತನ ಗುಂಡಿಯೂ ಹೋಯ್ತು. ಅದಕ್ಕೇ ಚಿಕ್ಕಬಳ್ಳಾಪುರದ ತೋಟದಲ್ಲಿ ಮಧ್ಯರಾತ್ರಿ ಹೋಸ್ ಒಡೆದ್ರೆ ಬೆಳಗಾಗೋದರೊಳಗೆ ಹೊಸ ಹೋಸ್ ಬರುತ್ತೆ. ಫೋನ್ ಮೇಲೆ ಫೋನ್, ಬೈಕ್ ಓಡುತ್ತೆ, ಅಂಗಡಿಯವನನ್ನ ಎಬ್ಬಿಸ್ತಾರೆ. ಅಚ್ಚುಕಟ್ಟಾದ ರಿಪೇರಿ ವ್ಯವಸ್ಥೆ ಅದು. ಸರ್ಕಾರ ಕಟ್ಟಿದ್ದಲ್ಲ, ನಷ್ಟದ ಭಯ ಕಟ್ಟಿದ್ದು.

ಬಿಲ್ ಯಾರ ಹೆಸರಿಗೆ?

ಲಾರಿ ರಿಪೇರಿಯ ಖರ್ಚು ಕೊನೆಗೆ ಅಡಿ ಲೆಕ್ಕದ ದರದಲ್ಲಿ ಬಂದು ಕೂರುತ್ತೆ. ಆಳಕ್ಕೆ ಹೋದಷ್ಟೂ ಪ್ರತಿ ಅಡಿಗೆ ದರ ಜಾಸ್ತಿ, ಕೇಸಿಂಗ್ ಬೇರೆ. ನೀರು ಬಂದ್ರೂ ಅಷ್ಟೇ ಬಿಲ್ಲು, ಬರೀ ಪುಡಿ ಬಂದ್ರೂ ಅಷ್ಟೇ ಬಿಲ್ಲು. ಕಡ್ಡಿ ಹಿಡಿದು, ಅಂಗೈಯಲ್ಲಿ ತೆಂಗಿನಕಾಯಿ ಇಟ್ಟು ಪಾಯಿಂಟ್ ಹಾಕಿದವರು ಅಷ್ಟೊತ್ತಿಗೆ ಮನೆ ಸೇರಿರ್ತಾರೆ. "ಇನ್ನೊಂದು ನೂರು ಅಡಿ ಹೋಗೋಣ ಅಣ್ಣ, ಗ್ಯಾಪ್ ಸಿಗಬಹುದು" ಅನ್ನೋ ಮಾತಿಗೆ ಒಡವೆ ಅಡ ಇಟ್ಟ ದುಡ್ಡು ಕರಗುತ್ತೆ. ಗ್ಯಾಪ್ ಅಂದ್ರೆ ಬಂಡೆಯೊಳಗಿನ ಬಿರುಕು. ಮೇಲ್ಪದರದ ಸ್ಪಂಜ್ ಒಣಗಿದ ಮೇಲೆ ಅದೊಂದೇ ಆಸೆ. ಪಕ್ಕದ ತೋಟದವನು 1200ಕ್ಕೆ ಹೋದ್ರೆ ಇವನ 800 ಅಡಿಯ ಬೋರ್ ಬತ್ತಬಹುದು. ಆಗ ಲಾರಿ ಇವನ ತೋಟಕ್ಕೆ ಬರುತ್ತೆ.

ಕೇಂದ್ರ ಅಂತರ್ಜಲ ಮಂಡಳಿಯ ವರ್ಗೀಕರಣದಲ್ಲಿ ಈ ನಾಲ್ಕೂ ತಾಲ್ಲೂಕು ಅತಿಬಳಕೆಯ ಪಟ್ಟಿಯಲ್ಲಿವೆ. ಅರ್ಥ ಇಷ್ಟೆ: ವರ್ಷಕ್ಕೆ ಭೂಮಿಗೆ ಇಂಗುವುದಕ್ಕಿಂತ ಹೆಚ್ಚು ನೀರು ಹೊರತೆಗೀತಿದ್ದೀವಿ. ಕರ್ನಾಟಕ 2011ರಲ್ಲಿ ಅಂತರ್ಜಲ ನಿಯಂತ್ರಣ ಕಾಯ್ದೆ ತಂತು. ಅಧಿಸೂಚಿತ ಪ್ರದೇಶದಲ್ಲಿ ಬೋರ್ ಹಾಕೋಕೆ ಅನುಮತಿ ಬೇಕು, ರಿಗ್ಗಿಗೆ ನೋಂದಣಿ ಬೇಕು. ಬತ್ತಿದ ಬೋರನ್ನ ಮುಚ್ಚಬೇಕು ಅಂತ 2010ರಲ್ಲಿ ಸುಪ್ರೀಂ ಕೋರ್ಟ್ ಮಾರ್ಗಸೂಚಿ ಕೊಟ್ಟಿದ್ದು ಮಕ್ಕಳು ಬಿದ್ದು ಸತ್ತ ಮೇಲೆ. ಆ ಬಾಯಿಗೆ ಬೇಕಾಗಿರೋದು ಒಂದು ಕಬ್ಬಿಣದ ಮುಚ್ಚಳ, ಒಂದು ಬುಟ್ಟಿ ಸಿಮೆಂಟು. ಲಾರಿಯ ಹೋಸ್‌ಗೆ ರಾತ್ರಿಯೆಲ್ಲ ಓಡುವ ನಾವು ಇದಕ್ಕೆ ನಾಳೆ ನೋಡೋಣ ಅಂತೀವಿ.

ಆಳದ ನೀರಿಗೆ ಇನ್ನೊಂದು ಬೆಲೆ ಇದೆ, ಫ್ಲೋರೈಡ್. ಬಂಡೆಯ ಜೊತೆ ಬಹಳ ಕಾಲ ಇದ್ದ ನೀರಿಗೆ ಅದು ಸೇರಿಕೊಳ್ಳುತ್ತೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ರೆ 1.5ರವರೆಗೆ. ಅದನ್ನ ಮೀರಿದ ನೀರು ವರ್ಷಗಟ್ಟಲೆ ಕುಡಿದವರ ಹಲ್ಲಿನ ಕಲೆ, ಬಾಗಿದ ಮೂಳೆ ಈ ಭಾಗದಲ್ಲಿ ಹೊಸದಲ್ಲ. ಅದಕ್ಕೇ ಊರೂರಿಗೆ ಶುದ್ಧ ನೀರಿನ ಘಟಕ ಬಂತು, ಕಾಯಿನ್ ಹಾಕಿದ್ರೆ ಇಪ್ಪತ್ತು ಲೀಟರ್. ಅದರ ಫಿಲ್ಟರ್, ಮೆಂಬ್ರೇನ್ ಕಾಲಕಾಲಕ್ಕೆ ಬದಲಾಯಿಸಬೇಕು. ಮತ್ತೊಂದು ರಿಪೇರಿ. ನಿಮ್ಮೂರಿನದು ಈಗ ಓಡ್ತಿದೆಯಾ?

ಮತ್ತೆ ಕೆರೆಗೆ

ಈಚಿನ ವರ್ಷಗಳಲ್ಲಿ ಕೆರೆಗಳಿಗೆ ನೀರು ಬಂದಿದೆ. ಮಳೆಯದ್ದಲ್ಲ, ಬೆಂಗಳೂರು ಬಳಸಿ ಬಿಟ್ಟ ನೀರು. ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಕೋಲಾರಕ್ಕೆ ಮುಟ್ಟಿತು. ದಿನಕ್ಕೆ 440 ದಶಲಕ್ಷ ಲೀಟರ್ ಗುರಿ, 126 ಕೆರೆಗಳ ಪಟ್ಟಿ, ಅದರಲ್ಲಿ ಚಿಂತಾಮಣಿ ಕಡೆಯವೂ ಇವೆ. ಹೆಬ್ಬಾಳ–ನಾಗವಾರ ವ್ಯಾಲಿಯ ನೀರು ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ, ಅಲ್ಲಿಂದ ಬೇರೆ ಕೆರೆಗಳಿಗೆ ಬರ್ತಿದೆ. ಎರಡು ಹಂತ ಶುದ್ಧಿ ಮಾಡಿದ ನೀರು ಸಾಲದು, ಮೂರನೇ ಹಂತ ಬೇಕು ಅಂತ ಹೋರಾಟಗಾರರು ಕೇಳ್ತಿದ್ದಾರೆ. ಆ ಬೇಡಿಕೆಯನ್ನ ತಳ್ಳಿಹಾಕೋ ಹಾಗಿಲ್ಲ. ಇಂಗಿದ ನೀರನ್ನೇ ನಾಳೆ ಬೋರಿನಿಂದ ಎತ್ತಿ ಕುಡಿಯೋದು. ಎತ್ತಿನಹೊಳೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಕಡೆ ಚಾಲನೆ ಸಿಕ್ತು. ನಮ್ಮ ಜಿಲ್ಲೆ ಆ ಕಾಲುವೆಯ ದೂರದ ತುದಿ.

ನೀರು ಎಲ್ಲಿಂದಲೇ ಬರಲಿ, ಬಂದು ನಿಲ್ಲಬೇಕಾಗಿರೋದು ನಮ್ಮ ಕೆರೆಯಲ್ಲಿ. ಏರಿ ಗಟ್ಟಿ ಇದೆಯಾ, ತೂಬು ಕೆಲಸ ಮಾಡುತ್ತಾ, ಕೋಡಿ ಒಡೆದಿದೆಯಾ, ರಾಜಕಾಲುವೆ ಯಾರ ಸೈಟ್ ಒಳಗೆ ಹೋಗಿದೆ ಅನ್ನೋದನ್ನ ನೋಡೋಕೆ ಈಗ ನೀರುಗಂಟಿ ಇಲ್ಲ. ಬೋರ್ ಬಂದ ಮೇಲೆ ಕೆರೆ ಯಾರಿಗೂ ಬೇಡವಾಯ್ತು, ಹಾಗಾಗಿ ಅವನ ಕೆಲಸವೂ ಹೋಯ್ತು. ಆ ಹಳೇ ಜಾತಿ ಬಿಗಿಯ ದುಡಿಮೆ ವಾಪಸ್ ಬರಬೇಕು ಅಂತ ಯಾರೂ ಕೇಳಲ್ಲ. ಆದ್ರೆ ಆ ಕೆಲಸ ಉಳಿದಿದೆ. ಸಂಬಳ, ಗೌರವ, ಸಲಕರಣೆ ಕೊಟ್ಟು ಗ್ರಾಮ ಪಂಚಾಯಿತಿಯೇ ಒಬ್ಬರನ್ನ ಇಟ್ಟುಕೊಳ್ಳೋಕೆ ಏನು ಅಡ್ಡಿ? ಕೈಪಂಪಿಗೆ ಮೂರು ಹಂತದ ರಿಪೇರಿ ವ್ಯವಸ್ಥೆ ಯೋಚಿಸಿದ ದೇಶ ಇದು.

ಹಳೇ ಬೋರ್ ಲಾರಿಗಳಿಗೂ ಇದರಲ್ಲಿ ಜಾಗ ಇದೆ. ಸಾವಿರ ಅಡಿಗೆ ಉಸಿರು ಸಾಲದ ಗಾಡಿಗಳು ಈಗ ಹೂಳು ತುಂಬಿದ ಬೋರುಗಳನ್ನ ಗಾಳಿ ಹೊಡೆದು ಚೊಕ್ಕಟ ಮಾಡುವ ಕೆಲಸಕ್ಕೆ ಹೋಗ್ತವೆ. ಮಳೆನೀರು ಇಂಗಿಸುವ ಕಡಿಮೆ ಆಳದ ಬೋರ್ ಕೊರೆಯೋಕೂ ಅವೇ ಸಾಕು. ಸೀಲ್ ಬದಲಾಯಿಸಿ, ಎಣ್ಣೆ ಸೋಸಿ, 300 ಅಡಿಯ ಕೆಲಸ ಕೊಟ್ರೆ ಅವು ಇನ್ನೂ ಎಷ್ಟೋ ವರ್ಷ ಓಡ್ತವೆ. ಅವು ಹುಟ್ಟಿದ್ದೇ ಆ ಆಳಕ್ಕೆ.

ಈ ವಾರ ನಿಮಗೊಂದು ಸಣ್ಣ ಕೆಲಸ. ನಿಮ್ಮೂರಿನ ಕೆರೆಯ ತೂಬು ಎಲ್ಲಿದೆ ಅಂತ ಹುಡುಕಿ. ಸಿಕ್ರೆ ಒಂದು ಫೋಟೊ ತೆಗೀರಿ, ಅದನ್ನ ಕೊನೆಯ ಸಲ ಯಾರು, ಯಾವಾಗ ರಿಪೇರಿ ಮಾಡಿದ್ದು ಅಂತ ಊರಿನ ಹಿರಿಯರನ್ನ ಕೇಳಿ. ಹಾಗೇ ನಿಮ್ಮ ಮನೆಯ ಮೊದಲ ಬೋರ್ ಎಷ್ಟು ಅಡಿ, ಕೊನೆಯದು ಎಷ್ಟು ಅಡಿ ಅಂತಲೂ ಬರೆದಿಟ್ಟುಕೊಳ್ಳಿ. ಎರಡನ್ನೂ ನಮಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಊರುಗಳ ಲೆಕ್ಕ ಒಟ್ಟಿಗೆ ಇಟ್ಟು ನೋಡೋಣ. ಅಲ್ಲಿವರೆಗೆ ನಮಸ್ಕಾರ.